ಮುಚ್ಚಿದ ರೈಲುಮಾರ್ಗವನ್ನು ಮತ್ತೆ ತೆರೆಸುವುದು: ಎಲ್ಲಿಂದ ಶುರು ಮಾಡಬೇಕು?

ಹಳಿ ಪಕ್ಕದವಳು

ನಮ್ಮ ಮನೆಯ ಹಿಂದೆ ಒಂದು ರೈಲುಮಾರ್ಗ ಇದೆ. ಇದೆ ಎನ್ನಬೇಕೋ, ಇತ್ತು ಎನ್ನಬೇಕೋ ತಿಳಿಯದು. ಕೊನೆಯ ಪ್ರಯಾಣಿಕರ ರೈಲು ಹೋದಾಗ ನಾನಿನ್ನೂ ಹುಟ್ಟಿರಲಿಲ್ಲ. ಹಳಿಗಳನ್ನು ಪೂರ್ತಿ ಕಿತ್ತಿಲ್ಲ, ಹಾಗೆಂದು ಪೂರ್ತಿ ಉಳಿಸಿಯೂ ಇಲ್ಲ. ಒಂದು ಕಡೆ ಹಳಿಗೆ ಒತ್ತಿಕೊಂಡೇ ಮರವೊಂದು ಬೆಳೆದು, ಅದರ ಕಾಂಡ ಹಳಿಯ ತಲೆಯನ್ನು ಅರ್ಧ ನುಂಗಿದೆ. ಪೊದೆ ಸರಿಸಿ ಹಳಿಯ ಮಗ್ಗುಲನ್ನು ಬಟ್ಟೆಯಿಂದ ಒರೆಸಿದರೆ ಉಬ್ಬಕ್ಷರದಲ್ಲಿ ಅದು ತಯಾರಾದ ವರ್ಷವನ್ನು ಈಗಲೂ ಓದಬಹುದು.

ಕಳೆದ ತಿಂಗಳು ಹನ್ನೆರಡು ಮಂದಿ ಸೇರಿ ಸಮಿತಿ ಮಾಡಿಕೊಂಡೆವು. ಮಾರ್ಗ ಮತ್ತೆ ತೆರೆಯಬೇಕು ಎಂಬುದರಲ್ಲಿ ಎಲ್ಲರದೂ ಒಂದೇ ಮಾತು, ಹೇಗೆ ಎಂಬುದರಲ್ಲಿ ಹನ್ನೆರಡು ಮಾತು. ಸದ್ಯಕ್ಕೆ ಸಹಿ ಸಂಗ್ರಹವೇ ಮೊದಲ ಕೆಲಸ ಎಂದು ತೀರ್ಮಾನವಾಗಿದೆ. ಮನವಿಯ ಮೊದಲ ಸಾಲು ನಾನೇ ಬರೆದದ್ದು: ‘ನಮ್ಮ ಹಿರಿಯರ ಗತವೈಭವದ ಸಂಕೇತವಾದ ಈ ರೈಲುಮಾರ್ಗವನ್ನು ಪುನರಾರಂಭಿಸಬೇಕು.’ ಮುಂದೆ ಏನು ಬರೆಯಲಿ, ಯಾರ ಕೈಗೆ ಕೊಡಲಿ? ಇಂಥ ಹೋರಾಟ ಗೆದ್ದವರು, ಸೋತವರು ಇಬ್ಬರ ಮಾತೂ ಬೇಕು.

ಹಳೆಯ ಅರ್ಜಿದಾರ

ಮೊದಲು ಆ ‘ಗತವೈಭವ’ವನ್ನು ಹೊಡೆದುಹಾಕಿ. ಆ ಪದ ಕಣ್ಣಿಗೆ ಬಿದ್ದ ಕ್ಷಣವೇ ನಿಮ್ಮ ಕಡತ ಸಾರಿಗೆ ವಿಭಾಗದಿಂದ ವಸ್ತುಸಂಗ್ರಹಾಲಯದ ಕಡೆಗೆ ಜಾರುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ. ನಾನು ಇಂಥ ಒಂದು ಹೋರಾಟದಲ್ಲಿ ಹನ್ನೊಂದು ವರ್ಷ ಕಳೆದವನು, ಸೋತವನು.

ಗೆದ್ದವರ ಕಥೆ ಬೇಕೆಂದಿರಿ. ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಹಾವಿಕ್ ಮೂಲಕ ಇಂಗ್ಲೆಂಡಿನ ಕಾರ್ಲೈಲ್‌ಗೆ ವೇವರ್ಲಿ ಎಂಬ ಮಾರ್ಗವಿತ್ತು, ಸುಮಾರು 158 ಕಿ.ಮೀ. ಬ್ರಿಟನ್ನಿನ ನಷ್ಟದ ಮಾರ್ಗಗಳನ್ನು ಮುಚ್ಚಲು 1963ರಲ್ಲಿ ರಿಚರ್ಡ್ ಬೀಚಿಂಗ್ ಕೊಟ್ಟ ವರದಿಯಲ್ಲಿ ಇದರ ಹೆಸರೂ ಬಂತು. 1968ರ ಡಿಸೆಂಬರಿನಲ್ಲಿ ಹಾವಿಕ್‌ನ ಗೃಹಿಣಿ ಮ್ಯಾಜ್ ಎಲಿಯಟ್ 11,678 ಸಹಿಗಳ ಮನವಿಯನ್ನು ಲಂಡನ್ನಿಗೆ ಒಯ್ದು ಪ್ರಧಾನಿಯ ಮನೆ ಬಾಗಿಲಿಗೇ ಮುಟ್ಟಿಸಿದರು. ಮಾರ್ಗ ಉಳಿಯಲಿಲ್ಲ. 1969ರ ಜನವರಿ ಮೊದಲ ವಾರ ಕೊನೆಯ ರೈಲು ಬರುವ ರಾತ್ರಿ ನ್ಯೂಕ್ಯಾಸಲ್ಟನ್ ಎಂಬ ಹಳ್ಳಿಯ ಜನ ಲೆವೆಲ್ ಕ್ರಾಸಿಂಗಿನ ಗೇಟು ಹಾಕಿ ಅಡ್ಡ ನಿಂತರು. ಊರಿನ ಪಾದ್ರಿಯನ್ನೇ ಪೊಲೀಸರು ಹಿಡಿದುಕೊಂಡು ಹೋದರು. ಆ ರೈಲಿನಲ್ಲಿದ್ದ ಸಂಸದ ಡೇವಿಡ್ ಸ್ಟೀಲ್ ಇಳಿದು ಬಂದು, ಪಾದ್ರಿಯನ್ನು ಬಿಡಿಸುವ ಮಾತಿನ ಮೇಲೆ ಜನರನ್ನು ಒಪ್ಪಿಸಿದರು.

ಈಗ ಎರಡನೆಯ ಮನವಿ ನೋಡಿ. 1999ರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಸಂಸತ್ತು ಬಂತು. ಅದೇ ಹೊತ್ತಿಗೆ ಹುಟ್ಟಿದ ಹೋರಾಟ ಸಮಿತಿ 17,000ಕ್ಕೂ ಹೆಚ್ಚು ಸಹಿಗಳನ್ನು ಹಿಡಿದು ಆ ಹೊಸ ಬಾಗಿಲನ್ನೇ ತಟ್ಟಿತು. 2006ರಲ್ಲಿ ಕಾಯ್ದೆಯಾಯಿತು, 2015ರ ಸೆಪ್ಟೆಂಬರ್ 6ರಂದು ಎಡಿನ್‌ಬರೋದಿಂದ ಅದೇ ಹಳೆಯ ಮಾರ್ಗದ ನಡುವಿನ ಟ್ವೀಡ್‌ಬ್ಯಾಂಕ್‌ವರೆಗೆ ರೈಲು ಓಡಿತು. ಮೊದಲ ಮನವಿ ‘ಕಿತ್ತುಕೊಳ್ಳಬೇಡಿ’ ಎಂದಿತ್ತು, ಎರಡನೆಯದು ‘ನಮ್ಮ ಮಕ್ಕಳು ಕೆಲಸಕ್ಕೆ, ಕಾಲೇಜಿಗೆ ಹೋಗಿ ಬರುವುದು ಹೇಗೆ’ ಎಂದು ಕೇಳಿತು. ಸಹಿಗಳು ಮೊದಲಿನದರ ಸುಮಾರು ಒಂದೂವರೆ ಪಟ್ಟು, ಅಷ್ಟೇ.

ಮ್ಯಾಜ್ ಎಲಿಯಟ್ ಅವರ ಹಾವಿಕ್‌ಗೆ ಮಾತ್ರ ಇವತ್ತಿಗೂ ರೈಲಿಲ್ಲ. ಅದನ್ನೂ ಹೇಳಿಬಿಡಬೇಕು.

ಬಸ್ಸಿನ ಪಯಣಿಗ

ಕಥೆ ಚೆನ್ನಾಗಿದೆ. ಆದರೆ 46 ವರ್ಷ! ಗೇಟಿಗೆ ಅಡ್ಡ ನಿಂತ ಹುಡುಗರು ಅಜ್ಜಂದಿರಾಗಿ ಮೊದಲ ರೈಲು ಹತ್ತಿರಬೇಕು. ಅಷ್ಟು ಹೊತ್ತು ಊರಿನವರು ಏನು ಮಾಡಬೇಕು, ಒಡ್ಡಿನ ಮೇಲೆ ಕೂತು ಕಾಯಬೇಕೇ?

ಬಸ್ಸನ್ನು ಮುಂದಿನ ತಿಂಗಳೇ ಓಡಿಸಬಹುದು. ರೈಲು ಹಳೆಯ ನಿಲ್ದಾಣಕ್ಕೆ ಹೋಗುತ್ತದೆ, ಬಸ್ಸು ಜನ ಇರುವಲ್ಲಿಗೆ ಹೋಗುತ್ತದೆ. ಹಳ್ಳಿಗಾಡಿನ ಎಷ್ಟೋ ನಿಲ್ದಾಣಗಳು ಊರಿನಿಂದ ಎರಡು ಮೂರು ಕಿ.ಮೀ. ದೂರದಲ್ಲಿ ಇರುವುದು ಸುಳ್ಳೇ? ಬೆಟ್ಟ ಹತ್ತಲಾಗದ ಎಂಜಿನ್ನಿಗಾಗಿ ಹಳಿ ತಗ್ಗಿನಲ್ಲಿ ಹೋಯಿತು, ಊರು ದಿಬ್ಬದ ಮೇಲೇ ಉಳಿಯಿತು. ಇಂಗ್ಲೆಂಡಿನ ಕೇಂಬ್ರಿಜ್ ಬಳಿ ಮುಚ್ಚಿದ ರೈಲುಮಾರ್ಗದ ಮೇಲೆಯೇ ಕಾಂಕ್ರೀಟಿನ ಜಾಡು ಹಾಕಿ 2011ರಿಂದ ಬಸ್ಸು ಓಡಿಸುತ್ತಿದ್ದಾರೆ. ಜಾಡು ಮುಗಿದಲ್ಲಿ ಅದೇ ಬಸ್ಸು ಸಾಮಾನ್ಯ ರಸ್ತೆಗೆ ಇಳಿದು ಪೇಟೆಯೊಳಗೆ ಹೋಗುತ್ತದೆ.

ಒಂದು ಕೇಳುತ್ತೇನೆ, ಬೇಸರ ಬೇಡ. ನಿಮ್ಮ ಹನ್ನೆರಡು ಮಂದಿಯಲ್ಲಿ ಈಗಿರುವ ಬಸ್ಸು ಹತ್ತುವವರು ಎಷ್ಟು? ರೈಲು ಬೇಕು ಎನ್ನುವವರಲ್ಲಿ ಅನೇಕರಿಗೆ ಅದು ಬೇಕಿರುವುದು ಬೇರೆಯವರು ಹತ್ತಿಕೊಳ್ಳಲಿ, ರಸ್ತೆ ತಮ್ಮ ಕಾರಿಗೆ ಖಾಲಿಯಾಗಲಿ ಎಂದು.

ಹಳಿ ಪಕ್ಕದವಳು

ಇಬ್ಬರು. ಅವರಲ್ಲಿ ನಾನು ಇಲ್ಲ. ಒಪ್ಪಿಕೊಂಡೆ.

ಒಡ್ಡು ಮೋರಿ

ಹಳಿ ನಿರ್ವಹಣೆಯಲ್ಲಿ ಕೂದಲು ಹಣ್ಣಾದವನು ನಾನು. ಎಲ್ಲರೂ ಹಳಿಯ ಫೋಟೋ ತೆಗೆಯುತ್ತಾರೆ. ಮರ ನುಂಗಿದ ಹಳಿ ನೋಡಲು ಚೆಂದ ನಿಜ, ಆದರೆ ನಿಮ್ಮ ಮಾರ್ಗದ ಅತಿ ಅಗ್ಗದ ಭಾಗ ಅದೇ. ತೆರೆಯುವ ದಿನ ಬಂದರೆ ಹಳಿ, ಅದರ ಅಡಿಯ ಸ್ಲೀಪರ್ ಅಡ್ಡತೊಲೆ, ಹಳಿ ಜೋಡಿಸುವ ಫಿಶ್‌ಪ್ಲೇಟ್ ಎಲ್ಲವೂ ಗುಜರಿಗೆ ಹೋಗುತ್ತವೆ. ಜಲ್ಲಿಯೊಳಗೆ ಮಣ್ಣು ತುಂಬಿ ನೀರು ಇಳಿಯದಂತಾಗಿರುತ್ತದೆ, ಅದೂ ಹೊಸದೇ ಬೇಕು.

ಇಂಗ್ಲೆಂಡಿನ ಓಕ್‌ಹ್ಯಾಂಪ್ಟನ್ ಮಾರ್ಗ ಒಳ್ಳೆಯ ಉದಾಹರಣೆ. ದಿನನಿತ್ಯದ ಪ್ರಯಾಣಿಕರ ರೈಲು 1972ರಲ್ಲಿ ನಿಂತಿತು. ಆದರೆ ಆಚೆ ತುದಿಯಲ್ಲಿ ಮೆಲ್ಡನ್ ಎಂಬಲ್ಲಿ ಜಲ್ಲಿಯ ಕ್ವಾರಿ ಇದ್ದುದರಿಂದ ಗೂಡ್ಸ್ ಗಾಡಿಗಾಗಿ ಮಾರ್ಗ ಜೀವ ಹಿಡಿದುಕೊಂಡಿತ್ತು. 2021ರ ನವೆಂಬರ್ 20ರಂದು ನಿತ್ಯದ ಸೇವೆ ಮತ್ತೆ ಶುರುವಾಯಿತು. ಅದಕ್ಕೆ ಸುಮಾರು 18 ಕಿ.ಮೀ. ಹೊಸ ಹಳಿ, 24,000 ಕಾಂಕ್ರೀಟ್ ಸ್ಲೀಪರ್, 29,000 ಟನ್ ಜಲ್ಲಿ ಹಾಕಿದರು. ಇಷ್ಟೆಲ್ಲ ಹಾಕಿಯೂ ಕೆಲಸ ಮುಗಿದದ್ದು ಒಂದು ವರ್ಷದೊಳಗೇ, ಅದೂ ಗೊತ್ತುಪಡಿಸಿದ ವೆಚ್ಚಕ್ಕಿಂತ ಕಡಿಮೆಯಲ್ಲಿ. ಹೇಗೆ? ಒಡ್ಡು, ಕಣಿವೆ ಕೊರೆದ ದಾರಿ, ಸೇತುವೆಗಳು, ಎಲ್ಲಕ್ಕಿಂತ ಮುಖ್ಯವಾಗಿ ಆ ಉದ್ದನೆಯ ಜಾಗ, ಎಲ್ಲೂ ತುಂಡಾಗದೆ ಒಂದೇ ಕೈಯಲ್ಲಿ ಇತ್ತು.

ವೇವರ್ಲಿಯಲ್ಲಿ ಹಾಗಾಗಲಿಲ್ಲ. ಮುಚ್ಚಿದ ಮೇಲೆ ಜಾಗವನ್ನು ತುಂಡು ತುಂಡಾಗಿ ಬಿಟ್ಟುಕೊಟ್ಟರು. 1980ರ ದಶಕದಲ್ಲಿ ಎಡಿನ್‌ಬರೋದ ಹೊರವರ್ತುಲ ರಸ್ತೆ ಕಟ್ಟುವಾಗ, ಹಳಿಯ ಜಾಗದಲ್ಲಿ ಒಂದು ಕಂಡಿಯನ್ನೂ ಬಿಡದೆ ಮಣ್ಣು ಸುರಿದು ಅಡ್ಡ ಹಾಕಿಬಿಟ್ಟರು. ರೈಲು ವಾಪಸ್ ಬರುವಾಗ ತುಂಬಿದ ವಾಹನ ಸಂಚಾರವನ್ನು ಬದಿಗೆ ತಿರುಗಿಸಿ, ರಸ್ತೆ ಸೀಳಿ, ಕೆಳಗೆ ಹೊಸ ಸೇತುವೆ ಕಟ್ಟಬೇಕಾಯಿತು. ಅಂದು ಒಂದು ಸಣ್ಣ ಕಂಡಿ ಬಿಟ್ಟಿದ್ದರೆ ಸಾಕಿತ್ತು.

ಆದ್ದರಿಂದ ಸಹಿಗಿಂತ ಮೊದಲು ಮಾರ್ಗವನ್ನು ಈ ತುದಿಯಿಂದ ಆ ತುದಿಗೆ ನಡೆಯಿರಿ. ಫೋಟೋಗಾಗಿ ಅಲ್ಲ. ಎಲ್ಲೆಲ್ಲಿ ಜಾಗ ತುಂಡಾಗಿದೆ, ಎಲ್ಲೆಲ್ಲಿ ತುಂಡಾಗಲಿದೆ ಎಂದು ಬರೆದುಕೊಳ್ಳಿ. ಪ್ರತಿ ಮೋರಿಯಲ್ಲಿ ಬಗ್ಗಿ ಆಚೆಯ ಬೆಳಕು ಕಾಣುತ್ತದೆಯೇ ನೋಡಿ. ಇಟ್ಟಿಗೆ ಅಥವಾ ಕಲ್ಲಿನ ಕಮಾನು ನೂರು ವರ್ಷ ತಡೆಯುತ್ತದೆ. ಉಕ್ಕಿನ ತೊಲೆ ಕೂರುವ ಕಡೆ, ಬೇರಿಂಗ್ ಹತ್ತಿರ, ಎಲೆ ಕೊಳೆತು ನೀರು ನಿಂತಿದ್ದರೆ ಅಲ್ಲಿಂದಲೇ ಅದು ಸಾಯಲು ಶುರು.

ಹೊಲದ ಬದು

ನಿಮ್ಮ ‘ಆ ಉದ್ದನೆಯ ಜಾಗ’ ಎಂಬುದರ ಎರಡೂ ಮಗ್ಗುಲಲ್ಲಿ ಜನ ಇದ್ದಾರೆ ಎಂಬುದು ಇಲ್ಲಿ ಯಾರಿಗಾದರೂ ನೆನಪಿದೆಯೇ? ನನ್ನ ಹೊಲದ ನಡುವೆಯೇ ಇಂಥ ಒಂದು ಒಡ್ಡು ಹಾದುಹೋಗಿದೆ. ರೈಲು ನಿಂತ ಮೇಲೆ ಅತ್ತ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಮೋರಿ ಹೂಳು ತುಂಬಿ ಮುಚ್ಚಿತು. ಮಳೆ ಬಂದರೆ ಒಡ್ಡಿನ ಮೇಲ್ಭಾಗದ ನನ್ನ ಹೊಲ ಕೆರೆಯಾಗುತ್ತದೆ. ಜಾಗದ ಒಡೆತನ ಹೇಳುವ ಕಚೇರಿಗೆ ಎಷ್ಟು ಸಲ ಬರೆದರೂ ‘ಮಾರ್ಗ ಬಳಕೆಯಲ್ಲಿಲ್ಲ’ ಎಂಬ ಒಂದೇ ಉತ್ತರ. ಬಳಕೆಯಲ್ಲಿಲ್ಲದ ಮಾರ್ಗ ನೀರನ್ನು ಮಾತ್ರ ತಡೆಯುವ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದೆ.

ಹತ್ತು ವರ್ಷದ ಹಿಂದೆ ಒಡ್ಡಿನ ಮೇಲೆ ಒಂದು ಕೊಟ್ಟಿಗೆ ಕಟ್ಟಿಕೊಂಡೆ. ಒತ್ತುವರಿ ಎನ್ನುವುದಾದರೆ ಎನ್ನಿ. ಈಗ ಪೇಟೆಯಿಂದ ಯಾರೋ ಬಂದು ಅದರ ಫೋಟೋ ಹಿಡಿದು ‘ಅಡಚಣೆ’ ಎಂದು ಪಟ್ಟಿಗೆ ಸೇರಿಸುತ್ತಾರೆ. ನಾಳೆ ರೈಲು ಬಂದರೆ ನನ್ನ ಹೊಲದ ಒಂದು ತುಂಡಿನಿಂದ ಇನ್ನೊಂದು ತುಂಡಿಗೆ ದನ ಹೊಡೆದುಕೊಂಡು ಹೋಗುವುದು ಹೇಗೆ ಎಂದು ಯಾರೂ ಹೇಳುವುದಿಲ್ಲ.

ಒಡ್ಡು ಮೋರಿ

ಹೊಲದ ಬದು ಅವರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ರೈಲು ಓಡುತ್ತಿದ್ದರೆ ಮಳೆಗಾಲಕ್ಕೆ ಮೊದಲು ಗ್ಯಾಂಗ್‌ಮನ್ ಆ ಮೋರಿಯ ಹೂಳು ತೆಗೆಯುತ್ತಿದ್ದ. ತೆಗೆಯದಿದ್ದರೆ ಒಡ್ಡೇ ಕುಸಿಯುತ್ತದೆ, ನಿಮಗಿಂತ ಮೊದಲು ರೈಲ್ವೆಗೇ ನಷ್ಟ. ಮುಚ್ಚಿದ ಮಾರ್ಗದಷ್ಟು ಕೆಟ್ಟ ನೆರೆಯವನು ಇನ್ನೊಬ್ಬನಿಲ್ಲ.

ದನ ದಾಟಿಸುವ ಪ್ರಶ್ನೆ ಚಿಕ್ಕದಲ್ಲ. ಹಳೆಯ ಮಾರ್ಗಗಳಲ್ಲಿ ಹೊಲದ ದಾಟುಗಳು ಗೇಟಿನೊಡನೆ ಸಮತಟ್ಟಿನಲ್ಲೇ ಇರುತ್ತಿದ್ದವು. ಈಗ ಸುರಕ್ಷತೆಯ ದೃಷ್ಟಿಯಿಂದ ಅವನ್ನು ಒಪ್ಪುವುದು ಕಷ್ಟ. ಬ್ರಿಟನ್ನಿನಲ್ಲಂತೂ ಹೊಸ ಲೆವೆಲ್ ಕ್ರಾಸಿಂಗ್‌ಗೆ ಅನುಮತಿ ಬಹುಮಟ್ಟಿಗೆ ಸಿಗುವುದೇ ಇಲ್ಲ. ಅಂದರೆ ಪ್ರತಿ ದಾಟಿಗೂ ಕೆಳಸೇತುವೆ ಅಥವಾ ಬಳಸು ದಾರಿ. ವೆಚ್ಚ ಉಬ್ಬುವುದು ಹಳಿಯಿಂದಲ್ಲ, ಇಂಥ ದಾಟುಗಳಿಂದ. ಸಮಿತಿಯವರು ನಡೆಯುವಾಗ ದಾಟುಗಳನ್ನು ಎಣಿಸಿ, ಪ್ರತಿಯೊಂದನ್ನೂ ದಿನಕ್ಕೆ ಎಷ್ಟು ಜನ ಬಳಸುತ್ತಾರೆ ಎಂದು ರೈತರನ್ನೇ ಕೇಳಿ ಬರೆದುಕೊಳ್ಳಬೇಕು.

ಸೈಕಲ್ ಗಾಲಿ

ಎಲ್ಲ ಜಗಳಕ್ಕೂ ಒಂದು ಮದ್ದಿದೆ. ಹಳಿ ತೆಗೆದು ನಡಿಗೆ ಮತ್ತು ಸೈಕಲ್ ದಾರಿ ಮಾಡಿ. ಅಮೆರಿಕದಲ್ಲಿ 1983ರ ಕಾನೂನು ತಿದ್ದುಪಡಿಯಿಂದ ರೈಲ್‌ಬ್ಯಾಂಕಿಂಗ್ ಎಂಬ ಪದ್ಧತಿ ಬಂತು. ರೈಲು ನಿಂತ ಮಾರ್ಗವನ್ನು ‘ಕೈಬಿಟ್ಟದ್ದು’ ಎಂದು ಘೋಷಿಸುವ ಬದಲು, ಮುಂದೆ ರೈಲಿಗೆ ಬೇಕಾದೀತು ಎಂದು ಕಾಪಿಟ್ಟು, ಅಲ್ಲಿಯವರೆಗೆ ಕಾಲುದಾರಿಯಾಗಿ ಬಳಸುವುದು. ಮಿಸೌರಿಯ ಕೇಟಿ ಟ್ರೇಲ್ ಹೀಗೆ ಉಳಿದದ್ದು, 380 ಕಿ.ಮೀ.ಗೂ ಉದ್ದ. ಜಾಗ ಬೇಲಿಗೆ ಹೋಗುವುದಿಲ್ಲ, ಮೋರಿಗೂ ಒಬ್ಬ ಯಜಮಾನ ಇರುತ್ತಾನೆ.

ಹಳೆಯ ಅರ್ಜಿದಾರ

ಸೈಕಲ್ ದಾರಿಯೇ ನಮ್ಮನ್ನು ಸೋಲಿಸಿದ್ದು. ‘ತಾತ್ಕಾಲಿಕ’ ಎಂದು ಬಾಯಿಮಾತಿನಲ್ಲಿ ಒಪ್ಪಿದೆವು. ಐದು ವರ್ಷದಲ್ಲಿ ಅದಕ್ಕೆ ಬೆಂಚು, ದೀಪ, ಪ್ರೀತಿಸುವ ಜನ ಎಲ್ಲ ಬಂದರು. ಬೆಳಿಗ್ಗೆ ವಾಕಿಂಗ್ ಹೋಗುವವರ ಎದುರು ರೈಲು ಕೇಳುವ ನಾವು ಖಳನಾಯಕರಾದೆವು. ತಪ್ಪು ಅವರದಲ್ಲ, ಷರತ್ತನ್ನು ಬರಹದಲ್ಲಿ ಪಡೆಯದ ನಮ್ಮದು.

ಅಮೆರಿಕದ ಮಾತು ಬಂತಲ್ಲ, ಅಲ್ಲಿಯೂ ಕಾಗದವೇ ಎಲ್ಲ. ರೈಲ್ವೆ ಬಹಳ ಕಡೆ ಜಾಗದ ಒಡೆಯನಲ್ಲ, ಹಾದುಹೋಗುವ ಹಕ್ಕಷ್ಟೇ ಅದರದು. 2014ರಲ್ಲಿ ವಯೋಮಿಂಗ್‌ನ ಜಮೀನು ಮಾಲೀಕರೊಬ್ಬರ ಪ್ರಕರಣದಲ್ಲಿ, ಮಾರ್ಗವನ್ನು ಕೈಬಿಟ್ಟ ಮೇಲೆ ಆ ಹಕ್ಕು ಮುಗಿಯಿತು, ಜಾಗ ಸರ್ಕಾರಕ್ಕೆ ಮರಳುವುದಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿಮ್ಮ ಮಾರ್ಗದ ಹಳೆಯ ಭೂದಾಖಲೆ ತೆಗೆಸಿ ನೋಡಿ. ಕೊಂಡ ಜಾಗವೋ, ಬರೀ ಹಾದಿಯ ಹಕ್ಕೋ?

ಲೆಕ್ಕದ ಪುಸ್ತಕ

ಸಹಿ ಆಯಿತು, ಜಾಗ ಆಯಿತು. ಇಷ್ಟು ಹೊತ್ತಾದರೂ ಯಾರೂ ವೇಳಾಪಟ್ಟಿಯ ಮಾತೆತ್ತಲಿಲ್ಲ. ಜನ ಹತ್ತುವುದು ವೇಳಾಪಟ್ಟಿಯನ್ನು, ಹಳಿಯನ್ನಲ್ಲ.

ಒಂಟಿ ಹಳಿಯ 28 ಕಿ.ಮೀ. ಮಾರ್ಗ ಎಂದುಕೊಳ್ಳಿ. ನಿಲುಗಡೆಗಳೂ ಸೇರಿ ಗಂಟೆಗೆ 50 ಕಿ.ಮೀ. ಸರಾಸರಿ ಬಂದರೆ ಒಂದು ಕಡೆಗೆ ಸುಮಾರು 34 ನಿಮಿಷ. ಪ್ರತಿ ತುದಿಯಲ್ಲೂ ಚಾಲಕ ಕ್ಯಾಬ್ ಬದಲಿಸಿ ಹೊರಡಲು 6 ನಿಮಿಷ. ಹೋಗಿ ಬರಲು 80 ನಿಮಿಷ. ಒಂದೇ ರೈಲಿನಲ್ಲಿ ಗಂಟೆಗೊಂದು ಸೇವೆ ಆಗುವುದಿಲ್ಲ. ಎರಡನೆಯ ರೈಲು ಬೇಕು, ಇನ್ನೊಂದು ಜೋಡಿ ಸಿಬ್ಬಂದಿ ಬೇಕು, ಅವೆರಡು ಎದುರಾಗುವ ಜಾಗದಲ್ಲಿ ಲೂಪ್, ಅಂದರೆ ಒಂದು ರೈಲು ಬದಿಗೆ ನಿಲ್ಲುವ ಪಕ್ಕದ ಹಳಿ, ಬೇಕು. ಅದೇ ಸರಾಸರಿಯನ್ನು 70ಕ್ಕೆ ಏರಿಸಿದರೆ ಒಂದು ಕಡೆಗೆ 24 ನಿಮಿಷ. ಆಗ ಹೋಗಿ ಬರುವುದು ಸರಿಯಾಗಿ ಒಂದು ಗಂಟೆ, ಒಂದೇ ರೈಲು ಸಾಕು. ಆದರೆ ನಡುವೆ ಇನ್ನೊಂದೇ ನಿಲ್ದಾಣ ಸೇರಿಸಿದರೆ ಎರಡು ನಿಮಿಷ ಹೋಯಿತು, ಲೆಕ್ಕ ಮುರಿಯಿತು. ‘ನಮ್ಮೂರಿಗೂ ಒಂದು ನಿಲ್ದಾಣ’ ಎಂಬ ಜಗಳ ನಿಮ್ಮ ಸಮಿತಿಯಲ್ಲಿ ಬಂದೇ ಬರುತ್ತದೆ. ಬಂದಾಗ ಈ ಲೆಕ್ಕವನ್ನು ಮೇಜಿನ ಮೇಲಿಡಿ.

ಲೂಪಿನ ಮೇಲೆ ಜಿಪುಣತನ ಬೇಡ. ಸ್ಕಾಟ್ಲೆಂಡಿನ ಆ ಮಾರ್ಗದಲ್ಲಿ ಹಣ ಉಳಿಸಲು ಜೋಡಿ ಹಳಿಯ ಭಾಗವನ್ನು ಮೊದಲ ಯೋಜನೆಗಿಂತ ಮೊಟಕು ಮಾಡಿದರು, ಕೆಲವು ಹೊಸ ಸೇತುವೆಗಳನ್ನು ಒಂದೇ ಹಳಿಯ ಅಗಲಕ್ಕೆ ಕಟ್ಟಿದರು. ಒಂದು ರೈಲು ತಡವಾದರೆ ಎದುರಿನದೂ ಕಾಯಬೇಕು, ಆ ತಡ ಇಡೀ ದಿನ ಉರುಳುತ್ತದೆ.

ಇನ್ನು ಅಂದಾಜುಗಳು. ಬೀಚಿಂಗ್ ವರದಿಗೆ ಆಧಾರವಾದ ಪ್ರಯಾಣಿಕರ ಎಣಿಕೆ ನಡೆದದ್ದು 1961ರ ಏಪ್ರಿಲ್‌ನ ಒಂದೇ ವಾರ. ಬೇಸಿಗೆ ರಜೆಯಲ್ಲಿ ಕಡಲತೀರಕ್ಕೆ ತುಂಬಿ ಹೋಗುತ್ತಿದ್ದ ರೈಲುಗಳು ಆ ವಾರ ಖಾಲಿಯಾಗಿಯೇ ಕಂಡವು. ತೆರೆಯುವಾಗಿನ ಅಂದಾಜೂ ಇದಕ್ಕಿಂತ ಮೇಲಲ್ಲ. ಟ್ವೀಡ್‌ಬ್ಯಾಂಕ್ ಮಾರ್ಗದ ಲಾಭ–ವೆಚ್ಚದ ಅನುಪಾತ ಕೊನೆಯ ಲೆಕ್ಕದಲ್ಲಿ 1ಕ್ಕಿಂತ ಕಡಿಮೆ, ಅಂದರೆ ವೆಚ್ಚಕ್ಕಿಂತ ಲಾಭವೇ ಕಡಿಮೆ ಎಂದು ಬಂದಿತ್ತು. ತೆರೆದ ಮೊದಲ ವರ್ಷವೇ 10 ಲಕ್ಷಕ್ಕೂ ಹೆಚ್ಚು ಪ್ರಯಾಣ. ಸ್ಟೋ ಎಂಬ ಸಣ್ಣ ಹಳ್ಳಿಗೆ ಮೂಲ ಯೋಜನೆಯಲ್ಲಿ ನಿಲ್ದಾಣವೇ ಇರಲಿಲ್ಲ, ಊರಿನವರು ಹಟ ಹಿಡಿದು ಪಡೆದರು, ಅಲ್ಲಿ ಅಂದಾಜಿನ ಹಲವು ಪಟ್ಟು ಜನ ಹತ್ತಿದರು. (ಮೇಲೆ ಹೇಳಿದ ಎರಡು ನಿಮಿಷದ ಮಾತಿಗೆ ಇದು ನೇರ ವಿರುದ್ಧ ಎಂದು ಗೊತ್ತು. ಲೆಕ್ಕದವರಿಗೂ ಮುಖಭಂಗ ಆಗಬೇಕಾಗುತ್ತದೆ.) ಅತ್ತ ಎಡಿನ್‌ಬರೋಗೆ ಅಂಟಿಕೊಂಡ ಶಾಫೇರ್‌ನಲ್ಲಿ ಬರಬೇಕಿದ್ದ ಹೊಸ ಮನೆಗಳು ಇನ್ನೂ ಎದ್ದಿರದ ಕಾರಣ ಅಂದಾಜಿಗಿಂತ ಬಹಳ ಕಡಿಮೆ.

ಬಸ್ಸಿನ ಪಯಣಿಗ

ವೇಳಾಪಟ್ಟಿಯ ಮಾತು ಬಂದದ್ದು ಸಂತೋಷ. ನಾನು ರೈಲಿನ ಶತ್ರುವಲ್ಲ. ಜರ್ಮನಿಯ ಶೋನ್‌ಬುಕ್ ಮಾರ್ಗ, ಬೋಬ್ಲಿಂಗನ್‌ನಿಂದ ಡೆಟ್ಟನ್‌ಹೌಸನ್‌ಗೆ 17 ಕಿ.ಮೀ., 1966ರಲ್ಲಿ ಪ್ರಯಾಣಿಕರಿಗೆ ಮುಚ್ಚಿ 1996ರಲ್ಲಿ ತೆರೆಯಿತು. ಜನ ಅಂದಾಜಿಗಿಂತ ಹೆಚ್ಚು ಬಂದರು, ಆಮೇಲೆ ವಿದ್ಯುದೀಕರಣವೂ ಆಯಿತು. ಇಂಥ ಸಣ್ಣ ಮಾರ್ಗಗಳು ಗೆಲ್ಲುವುದು ಬಸ್ಸು ರೈಲಿನ ಪಕ್ಕದಲ್ಲಿ ಪೈಪೋಟಿಗೆ ಓಡದೆ, ನಿಲ್ದಾಣದ ಬಾಗಿಲಿಗೇ ಜನರನ್ನು ತಂದು ಇಳಿಸಿದಾಗ.

ಹಾಗಾಗಿ ಒಂದು ಸಲಹೆ. ನಾಳೆ ಬರಬೇಕಾದ ರೈಲಿನ ವೇಳಾಪಟ್ಟಿಯಲ್ಲೇ ಇವತ್ತು ಬಸ್ಸು ಓಡಿಸಿ ಎಂದು ಕೇಳಿ. ಗಂಟೆಗೊಂದು, ಮುಖ್ಯ ನಿಲ್ದಾಣದ ರೈಲಿಗೆ ಹೊಂದಿಕೊಂಡು. ಆ ಬಸ್ಸು ತುಂಬಿದರೆ ನಿಮ್ಮ ಕೈಯಲ್ಲಿ ಅಂದಾಜಲ್ಲ, ಟಿಕೆಟಿನ ಲೆಕ್ಕ ಇರುತ್ತದೆ. ತುಂಬದಿದ್ದರೆ ನಾನು ಗೆದ್ದೆ.

ಹಳೆಯ ಅರ್ಜಿದಾರ

ಬಸ್ಸಿನ ಪಯಣಿಗರ ಜತೆ ಒಪ್ಪುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. ಮನವಿ ಯಾರಿಗೆ ಎಂಬ ಮೂಲ ಪ್ರಶ್ನೆ ಉಳಿದಿದೆ. ಸರ್ಕಾರದ ಒಂದೇ ನಿಧಿಗೆ ಜೋತುಬೀಳಬೇಡಿ. ಮುಚ್ಚಿದ ಮಾರ್ಗಗಳನ್ನು ತೆರೆಯಲೆಂದೇ ಬ್ರಿಟನ್ನಿನಲ್ಲಿ 2020ರಲ್ಲಿ 50 ಕೋಟಿ ಪೌಂಡಿನ ನಿಧಿ ಘೋಷಿಸಿದರು. ಊರೂರಿನ ಸಮಿತಿಗಳು ಅರ್ಜಿ ಹಾಕಿದವು. 2024ರ ಜುಲೈನಲ್ಲಿ ಹೊಸ ಸರ್ಕಾರ ಅದನ್ನು ರದ್ದು ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಾರ್ಥಂಬರ್‌ಲ್ಯಾಂಡ್ ಮಾರ್ಗ ತೆರೆಯಿತು, 1964ರಲ್ಲಿ ಪ್ರಯಾಣಿಕರ ರೈಲು ಕಳೆದುಕೊಂಡ ಮಾರ್ಗ. ಅಲ್ಲಿನ ಸ್ಥಳೀಯ ಆಡಳಿತ ವರ್ಷಗಳ ಮೊದಲೇ ಯೋಜನೆಯನ್ನು ತನ್ನದೆಂದು ಹಿಡಿದು ಅಧ್ಯಯನ ಮಾಡಿಸಿಕೊಂಡಿತ್ತು. ಮೊದಲ ಪ್ರತಿ ಕೊಡಬೇಕಾದದ್ದು ದೂರದ ಮಂತ್ರಿಗಲ್ಲ, ಭೂಬಳಕೆಯ ನಕ್ಷೆ ಬರೆಯುವ ಹತ್ತಿರದ ಕಚೇರಿಗೆ. ಆ ನಕ್ಷೆಯಲ್ಲಿ ನಿಮ್ಮ ಮಾರ್ಗದ ಮೇಲೆ ‘ಸಾರಿಗೆಗೆ ಮೀಸಲು’ ಎಂದು ಒಂದು ಗೆರೆ ಬಿದ್ದರೆ ಅರ್ಧ ಗೆದ್ದಂತೆ.

ಹಳಿ ಪಕ್ಕದವಳು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ನಡೆದೆವು. ಹನ್ನೆರಡು ಮಂದಿಯಲ್ಲಿ ಏಳು ಮಂದಿ ಬಂದರು, ಕೊನೆಯವರೆಗೆ ನಡೆದವರು ನಾಲ್ವರು. ಎರಡು ದಿನ ಹಿಡಿಯಿತು.

ಮೋರಿಗಳು ಇಪ್ಪತ್ತಮೂರು. ಒಂಬತ್ತರಲ್ಲಿ ಆಚೆಯ ಬೆಳಕು ಕಾಣಲಿಲ್ಲ. ಒಂದರ ಬಾಯಲ್ಲಿ ನಾನು ಮಂಡಿಯೂರಿ ಕೈ ಹಾಕಿದರೆ ಮೊಣಕೈವರೆಗೂ ತಣ್ಣನೆಯ ಕೆಸರು, ಅದರ ಮೇಲೆ ಕಲ್ಲಿನ ಕಮಾನು ಮಾತ್ರ ನಿನ್ನೆ ಕಟ್ಟಿದಂತೆ ಬಿಗಿಯಾಗಿ ನಿಂತಿತ್ತು. ಆ ಹೊಲದವರು ಮೊದಲು ನಮ್ಮನ್ನು ಸಿಡುಕಿನಿಂದಲೇ ನೋಡಿದರು. ಮೋರಿಯ ಬಗ್ಗೆ ಕೇಳಿದ ಮೇಲೆ ತಾವೇ ಮುಂದಿನ ಎರಡನ್ನು ತೋರಿಸಲು ಬಂದರು. ರೈಲಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ನಾವೂ ಒತ್ತಾಯಿಸಲಿಲ್ಲ.

ಜಾಗ ಮೂರು ಕಡೆ ತುಂಡಾಗಿದೆ. ನಾಲ್ಕನೆಯದು ಆಗಲಿದೆ. ಹಳೆಯ ನಿಲ್ದಾಣದ ಆಚೆ, ತಿರುವಿನಲ್ಲಿ, ಕಂಬಕ್ಕೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಪ್ರಕಟಣೆ ಕಟ್ಟಿತ್ತು. ಗೋದಾಮು ಕಟ್ಟಲು ಅನುಮತಿ ಕೋರಿದ್ದಾರೆ, ಸರಿಯಾಗಿ ಒಡ್ಡಿನ ಮೇಲೆ. ಆಕ್ಷೇಪಣೆಗೆ ಇನ್ನು ಹದಿನೇಳು ದಿನ ಇದೆ. ನಾವು ಮನೆಯಲ್ಲಿ ಕೂತು ‘ಗತವೈಭವ’ ಬರೆಯುತ್ತಿದ್ದಾಗಲೇ ಆ ಹಾಳೆ ಅಲ್ಲಿ ಗಾಳಿಗೆ ಹಾರಾಡುತ್ತಿತ್ತು.

ಸಹಿ ಸಂಗ್ರಹವನ್ನು ಮುಂದೂಡಿದ್ದೇವೆ. ಆಕ್ಷೇಪಣೆ ಬರೆಯುತ್ತಿದ್ದೇವೆ. ಮನವಿಯ ಮೊದಲ ಸಾಲು ಈಗ ಹೀಗಿದೆ: ‘ಈ ಮಾರ್ಗದ ಜಾಗವನ್ನು ಭೂಬಳಕೆ ನಕ್ಷೆಯಲ್ಲಿ ಸಾರಿಗೆಗೆ ಮೀಸಲಿಡಬೇಕು, ಅಲ್ಲಿಯವರೆಗೆ ಇದರ ಮೇಲೆ ಶಾಶ್ವತ ಕಟ್ಟಡಕ್ಕೆ ಅನುಮತಿ ಕೊಡಬಾರದು, ಇದರ ಮೋರಿಗಳನ್ನು ಪ್ರತಿ ಮಳೆಗಾಲಕ್ಕೆ ಮೊದಲು ಸ್ವಚ್ಛ ಮಾಡಬೇಕು.’ ರೈಲು ಎಂಬ ಪದ ಎರಡನೆಯ ಪುಟದಲ್ಲಿ ಬರುತ್ತದೆ. ಸಮಿತಿಯಲ್ಲಿ ಇದಕ್ಕೆ ಜಗಳವಾಯಿತು, ಇಬ್ಬರು ಬಿಟ್ಟುಹೋದರು. ನಾನು ಈ ವಾರದಿಂದ ಬಸ್ಸಿನಲ್ಲಿ ಹೋಗುತ್ತಿದ್ದೇನೆ, ಬೆಳಗಿನದು ಇಪ್ಪತ್ತು ನಿಮಿಷ ತಡ.

ಹೊಲದ ಬದು

ಮೋರಿಯ ಸಾಲು ಮೂರನೆಯದಲ್ಲ, ಮೊದಲನೆಯದಾಗಲಿ. ಆಗ ನಮ್ಮ ಕಡೆಯ ರೈತರ ಸಹಿ ನಾನು ತರುತ್ತೇನೆ. ಕೊಟ್ಟಿಗೆಯ ಮಾತು ಆಮೇಲೆ ನೋಡೋಣ.

ಒಡ್ಡು ಮೋರಿ

ಆಕ್ಷೇಪಣೆಗೆ ಅಳತೆಯ ನಕ್ಷೆ ಲಗತ್ತಿಸಿ, ಬರೀ ಫೋಟೋ ಸಾಲದು. ಅಳೆಯುವಾಗ ಟೇಪನ್ನು ಹಳಿಯಿಂದ ಹಿಡಿಯಬೇಡಿ, ಅದನ್ನು ಯಾರಾದರೂ ಸರಿಸಿರಬಹುದು. ತಿರುವಿನ ಹತ್ತಿರದ ಮೋರಿಯ ಎರಡು ಬಾಯಿಗಳ ನಡುವೆ ಟೇಪು ಎಳೆದು ಅರ್ಧಕ್ಕೆ ಗುರುತು ಹಾಕಿ. ಒಡ್ಡಿನ ನಡುಗೆರೆ ಬಹುಮಟ್ಟಿಗೆ ಅಲ್ಲೇ ಇರುತ್ತದೆ.